ಹಸಿರು ಚುಕ್ಕೆ ಎಲ್ಲಾ ಡೈನೀನ್ ಅಲ್ಲ: ಒಂದು 488 ಆಂಟಿಬಾಡಿಯ ಪ್ರಕರಣ

ಯಾವ ಲ್ಯಾಬು, ಯಾವ ಕಂಪನಿ, ಯಾರು ಅಂತ ಹೇಳಲ್ಲ, ಒಂದೆರಡು ವಿವರ ಬೇಕಂತಲೇ ಬದಲಾಯಿಸಿದೀನಿ. ನಾನು ಮೈಕ್ರೋಸ್ಕೋಪ್ ಫೆಸಿಲಿಟಿ ನೋಡ್ಕೊಳ್ಳೋಳು. ಜನ ಸ್ಲೈಡ್ ಹಿಡ್ಕೊಂಡು ಬರ್ತಾರೆ, ಇಮೇಜ್ ತಗೊಂಡು ಹೋಗ್ತಾರೆ, ಸ್ಟೇನಿಂಗ್ (ನೋಡ್ಬೇಕಾದ ಪ್ರೋಟೀನ್‌ಗೆ ಬಣ್ಣ ಹಚ್ಚೋದು) ಹೆಂಗೆ ಮಾಡಿದ್ರು ಅಂತ ಸಾಮಾನ್ಯವಾಗಿ ನಾನು ಕೇಳೋಕೆ ಹೋಗಲ್ಲ. ಈ ಪ್ರಕರಣ ಆದ್ಮೇಲೆ ಕೇಳ್ತೀನಿ.

ಹಿನ್ನೆಲೆ

ವಿಷಯ ಡೈನೀನ್ ಅನ್ನೋ ಮೋಟಾರ್ ಪ್ರೋಟೀನ್. ಸೆಲ್ ಒಳಗೆ ಮೈಕ್ರೋಟ್ಯೂಬ್ಯೂಲ್ ಅನ್ನೋ ಹಳಿಗಳಿರ್ತವೆ, ಅದ್ರ ಮೇಲೆ ಸರಕು ಹೊತ್ಕೊಂಡು ನಡೆಯೋ ಎರಡು ದೊಡ್ಡ ಕುಟುಂಬ ಕೈನೆಸಿನ್ ಮತ್ತೆ ಡೈನೀನ್. ಕೈನೆಸಿನ್‌ಗಳಲ್ಲಿ ಹೆಚ್ಚಿನವು ಹಳಿಯ ಪ್ಲಸ್ ತುದಿ ಕಡೆ ಅಂದ್ರೆ ಸೆಲ್ ಅಂಚಿನ ಕಡೆ ಹೋದ್ರೆ, ಡೈನೀನ್ ಮೈನಸ್ ತುದಿ ಕಡೆ, ಅಂದ್ರೆ ಸೆಲ್ ನಡುವಿಗೆ. ಡೈನೀನ್ ಅನ್ನೋ ಹೆಸರು ಬಂದಿದ್ದು 1965ರಲ್ಲಿ, ಇಯಾನ್ ಗಿಬ್ಬನ್ಸ್ ಅವ್ರು ಟೆಟ್ರಾಹೈಮೆನಾ ಅನ್ನೋ ಏಕಕೋಶ ಜೀವಿಯ ಸಿಲಿಯಾದಿಂದ (ಬಡಿಯೋ ಪುಟ್ಟ ರೋಮಗಳಿಂದ) ಅದನ್ನ ಬೇರ್ಪಡಿಸಿದ ಮೇಲೆ. ನಮ್ಮ ಕಥೆಯಲ್ಲಿರೋದು ಅದ್ರ ಸೈಟೋಪ್ಲಾಸ್ಮಿಕ್ ತಮ್ಮ. ಅದು ಒಂದೇ ಪ್ರೋಟೀನ್ ಅಲ್ಲ, ಸುಮಾರು 14 ಲಕ್ಷ ಡಾಲ್ಟನ್ ತೂಗೋ ದೊಡ್ಡ ಸಂಸಾರ: ನಡೆಯೋ ಕೆಲ್ಸ ಮಾಡೋ ಎರಡು ಹೆವಿ ಚೈನ್, ಅದಕ್ಕೆ ಅಂಟ್ಕೊಂಡ ಇಂಟರ್ಮೀಡಿಯೆಟ್ ಚೈನ್, ಲೈಟ್ ಇಂಟರ್ಮೀಡಿಯೆಟ್ ಚೈನ್, ಪುಟ್ಟ ಪುಟ್ಟ ಲೈಟ್ ಚೈನ್‌ಗಳು. ಆಂಟಿಬಾಡಿ (ಒಂದು ಪ್ರೋಟೀನನ್ನ ಗುರುತಿಸಿ ಅದಕ್ಕೆ ಅಂಟೋ ಪ್ರೋಟೀನ್) ಇದ್ದಿದ್ದು ಇಂಟರ್ಮೀಡಿಯೆಟ್ ಚೈನ್‌ಗೆ, ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರೆ ಮಾಡಿ ಆಂಟಿಬಾಡಿಯಿಂದ ನೋಡೋ ಪರೀಕ್ಷೆ) 74 ಕಿಲೋಡಾಲ್ಟನ್ ಹತ್ರ ಬ್ಯಾಂಡ್ ಬರುತ್ತಲ್ಲ, ಅದು. ಇದ್ರ ಮುಂಭಾಗದ ತುದಿಯೇ ಡೈನಾಕ್ಟಿನ್ ಅನ್ನೋ ಜೊತೆಗಾರ ಕಾಂಪ್ಲೆಕ್ಸ್‌ನ ಪಿ150 ಸಬ್‌ಯೂನಿಟ್‌ನ ಕೈ ಹಿಡಿಯೋದು. ಈ ಸಂಗತಿ ನೆನಪಿಟ್ಕೊಳ್ಳಿ, ಎಲ್ರೂ ಮೋಸ ಹೋಗಿದ್ದು ಇದ್ರಿಂದಾನೇ.

ಈ ಸ್ಲೈಡ್‌ಗಳನ್ನ ತಂದ ಹುಡುಗಿ ಪಿಎಚ್‌ಡಿ ಮೂರನೇ ವರ್ಷದಲ್ಲಿದ್ಲು. ಡೈನೀನ್ ಮತ್ತೆ ಪಿ150 ಎರಡನ್ನೂ ಒಂದೇ ಸೆಲ್‌ನಲ್ಲಿ ನೋಡ್ಬೇಕು, ಎಷ್ಟು ಚುಕ್ಕೆ ಒಂದ್ರ ಮೇಲೊಂದು ಕೂತಿದಾವೆ ಅಂತ ಎಣಿಸ್ಬೇಕು. ತೊಂದ್ರೆ ಏನಂದ್ರೆ ಲ್ಯಾಬ್‌ನಲ್ಲಿದ್ದ ಎರಡೂ ಒಳ್ಳೆ ಆಂಟಿಬಾಡಿ ಇಲಿಯಲ್ಲಿ ಮಾಡಿದ್ದು, ಆಂಟಿ-ಮೌಸ್ ಸೆಕೆಂಡರಿ (ಇಲಿ ಆಂಟಿಬಾಡಿಗೆ ಅಂಟೋ, ಡೈ ಹೊತ್ತ ಎರಡನೇ ಆಂಟಿಬಾಡಿ) ಹಾಕಿದ್ರೆ ಎರಡಕ್ಕೂ ಹೋಗಿ ಅಂಟುತ್ತೆ. ಅದಕ್ಕೆ ಡೈನೀನ್ ಆಂಟಿಬಾಡಿಯ ಅದೇ ಕ್ಲೋನನ್ನ (ಒಂದೇ ಸೆಲ್ ಸಂತತಿಯಿಂದ ಬರೋ ಆಂಟಿಬಾಡಿ) ಡೈ ಅಂಟಿಸಿರೋ ರೂಪದಲ್ಲಿ ತರಿಸಿದ್ರು, ಅಲೆಕ್ಸಾ ಫ್ಲೋರ್ 488, ನೀಲಿ ಬೆಳಕು ಹಾಕಿದ್ರೆ 520 ನ್ಯಾನೋಮೀಟರ್ ಹತ್ರ ಹಸಿರು ಕೊಡೋದು. ಸೆಕೆಂಡರಿ ತಲೆನೋವೇ ಬೇಡ ಅಂತ. ಯೋಚನೆ ಸರಿಯಾಗೇ ಇತ್ತು.

ಚೆಂದದ ಚಿತ್ರ

ಮೊದಲ ಇಮೇಜ್‌ಗಳು ಬಂದಾಗ ನಾನೂ ಪಕ್ಕದಲ್ಲೇ ಇದ್ದೆ. ಸೆಲ್ ತುಂಬಾ ಹಸಿರು ಚುಕ್ಕೆ, ಪಿ150ಯ ಕೆಂಪು ಚುಕ್ಕೆ, ಎರಡೂ ಸೇರಿಸಿದ್ರೆ ಎಲ್ಲಾ ಹಳದಿ. ಗೈಡ್ ಬಂದು ನೋಡಿ ಪೂರ್ತಿ ಖುಷಿ, ಪೋಸ್ಟರ್‌ಗೆ ಹಾಕಿ ಅಂದ್ರು. ಡೈನೀನ್ ಪಿ150 ಜೊತೆ ಇರುತ್ತೆ ಅಂತ ಪುಸ್ತಕದಲ್ಲೇ ಇದೆ, ಚಿತ್ರ ಪುಸ್ತಕದ ಹಾಗೇ ಇದೆ, ಇನ್ನೇನು ಅನುಮಾನ. ಫಲಿತಾಂಶ ನಾವು ಅಂದ್ಕೊಂಡ ಹಾಗೆ ಬಂದಿಲ್ಲ ಅಂದ್ರೆ ಹತ್ತು ಸಲ ಕಂಟ್ರೋಲ್ (ಹೋಲಿಸಿ ನೋಡೋ ಪರೀಕ್ಷೆ) ಹಾಕ್ತೀವಿ, ಅಂದ್ಕೊಂಡ ಹಾಗೇ ಬಂದ್ರೆ ಒಂದ್ಸಲಾನೂ ಹಾಕಲ್ಲ, ಇದು ಎಲ್ಲಾ ಲ್ಯಾಬಿನ ರೋಗ.

ಹಾಗಂತ ಅವ್ಳು ಏನೂ ಕಂಟ್ರೋಲ್ ಹಾಕಿರ್ಲಿಲ್ಲ ಅಂತಲ್ಲ. ಐಸೊಟೈಪ್ ಕಂಟ್ರೋಲ್ ಹಾಕಿದ್ಲು, ಅಂದ್ರೆ ಅದೇ ಜಾತಿಯ ಇಲಿ ಆಂಟಿಬಾಡಿ, ಅದೇ 488 ಡೈ, ಆದ್ರೆ ಸೆಲ್‌ನಲ್ಲಿ ಯಾವುದನ್ನೂ ಗುರುತಿಸದೇ ಇರೋದು. ಅದು ಕಪ್ಪಗೆ, ಕ್ಲೀನಾಗಿ ಬಂದಿತ್ತು. ಅದನ್ನ ನೋಡಿ ಎಲ್ರೂ ನೆಮ್ಮದಿಯಾದ್ರು. ಆ ಕಂಟ್ರೋಲ್ ಯಾಕೆ ಸುಳ್ಳು ಹೇಳ್ತು ಅನ್ನೋದು ಮುಂದೆ ಬರುತ್ತೆ.

ಎಣಿಸೋಕೆ ಶುರು ಮಾಡಿದ ದಿನ ಸಾಫ್ಟ್‌ವೇರ್ ತೋರ್ಸಿಕೊಡೋಕೆ ಅಂತ ಕೂತಿದ್ದೆ. ಹಿನ್ನೆಲೆ ಎಷ್ಟಿದೆ ಅಂತ ಅಳಿಬೇಕಲ್ಲ, ಅದಕ್ಕೆ ಸೆಲ್ ಇಲ್ಲದ ಜಾಗದಲ್ಲಿ ಒಂದು ಚೌಕ ಹಾಕು ಅಂದೆ. ಅವ್ಳು ಕರ್ಸರ್‌ನ ಸೆಲ್ ಅಂಚು ದಾಟಿಸಿ ಖಾಲಿ ಗಾಜಿನ ಕಡೆ ಎಳ್ಕೊಂಡು ಹೋದ್ಲು, ನಾನು ಸುಮ್ನೆ ಕಾಂಟ್ರಾಸ್ಟ್ ಸ್ವಲ್ಪ ಏರಿಸ್ದೆ, ನೋಡ್ತೀವಿ ಖಾಲಿ ಗಾಜಿನ ಮೇಲೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ಸೆಲ್ ಒಳಗಿಗಿಂತ ಕಡಿಮೆ, ಆದ್ರೆ ಅದೇ ಗಾತ್ರ, ಅದೇ ಹೊಳಪು. ಕೆಂಪು ಚಾನೆಲ್ ಆನ್ ಮಾಡಿದ್ರೆ ಅವೇ ಜಾಗದಲ್ಲಿ ಕೆಂಪು. ಗಾಜಿನ ಮೇಲೆ ಡೈನೀನು ಡೈನಾಕ್ಟಿನು ಕೈ ಕೈ ಹಿಡ್ಕೊಂಡು ಕೂತಿದಾವಂತೆ!

"ಮೇಡಂ, ವಾಶ್ ಸರಿಯಾಗಿ ಆಗಿಲ್ವೇನೋ" ಅಂದ್ಲು. ಇರಬಹುದು ಅಂದೆ, ಆದ್ರೆ ವಾಶ್ ಸರಿ ಆಗಿಲ್ಲ ಅಂದ್ರೆ ಹಸಿರು ಒಂದು ಕಡೆ ಕೆಂಪು ಇನ್ನೊಂದು ಕಡೆ ಉಳೀಬೇಕಿತ್ತು, ಒಂದೇ ಚುಕ್ಕೇಲಿ ಎರಡೂ ಯಾಕೆ?

ಮೊದಲ ತಿರುವು

ಪ್ರೋಟೋಕಾಲ್ ಬಾಯಲ್ಲಿ ಹೇಳಮ್ಮ ಅಂದೆ. ಫಿಕ್ಸ್ ಮಾಡಿ (ಸೆಲ್ ಇದ್ದ ಹಾಗೇ ನಿಲ್ಲಿಸೋದು), ಬ್ಲಾಕ್ ಮಾಡಿ (ಆಂಟಿಬಾಡಿ ಎಲ್ಲೆಂದ್ರಲ್ಲಿ ಅಂಟದ ಹಾಗೆ ಮುಚ್ಚೋದು), ಎರಡೂ ಪ್ರೈಮರಿ (ಪ್ರೋಟೀನ್‌ಗೇ ನೇರ ಅಂಟೋ ಆಂಟಿಬಾಡಿ) ಒಟ್ಟಿಗೆ ಬೆರೆಸಿ ಹಾಕಿದ್ದು, ಅಂದ್ರೆ ಡೈ ಇರೋ ಡೈನೀನ್ ಆಂಟಿಬಾಡಿ ಮತ್ತೆ ಡೈ ಇಲ್ಲದ ಪಿ150 ಆಂಟಿಬಾಡಿ, ಆಮೇಲೆ ವಾಶ್, ಆಮೇಲೆ ಪಿ150ಗೋಸ್ಕರ ಕೆಂಪು ಡೈ ಇರೋ ಆಂಟಿ-ಮೌಸ್ 594 ಸೆಕೆಂಡರಿ. ಹೇಳ್ತಾ ಹೇಳ್ತಾನೇ ಅವ್ಳ ಮುಖ ಬದಲಾಯ್ತು. ಡೈನೀನ್ ಆಂಟಿಬಾಡಿಗೆ ಡೈ ಅಂಟಿಸಿದ ಮಾತ್ರಕ್ಕೆ ಅದು ಇಲಿ ಆಂಟಿಬಾಡಿ ಆಗಿರೋದು ತಪ್ಪುತ್ತಾ? ಆಂಟಿ-ಮೌಸ್ ಸೆಕೆಂಡರಿಗೆ ಬೆನ್ನ ಮೇಲಿರೋ ಡೈ ಲೆಕ್ಕಕ್ಕಿಲ್ಲ, ಇಲಿಯದಾದ್ರೆ ಸಾಕು. ಯಾವ ತೊಂದ್ರೆ ತಪ್ಪಿಸೋಕೆ ಅಂತ ಈ ಟ್ಯೂಬ್ ತರಿಸಿದ್ರೋ ಅದೇ ತೊಂದ್ರೆ ಹಿತ್ತಲ ಬಾಗಿಲಿಂದ ಒಳಗೆ ಬಂದಿತ್ತು.

ಅಂದೇ ಮಧ್ಯಾಹ್ನ ಒಂದು ಕವರ್‌ಸ್ಲಿಪ್ ಮಾಡಿದ್ಲು, 488 ಡೈನೀನ್ ಆಂಟಿಬಾಡಿ ಹಾಕಿ, ಪಿ150 ಆಂಟಿಬಾಡಿ ಹಾಕದೇ, ನೇರ ಆಂಟಿ-ಮೌಸ್ 594. ಪಿ150 ಆಂಟಿಬಾಡಿಯೇ ಇಲ್ಲ, ಆದ್ರೂ "ಪಿ150" ಚಾನೆಲ್ ತುಂಬಾ ಕೆಂಪು. ಪೋಸ್ಟರ್‌ನ ಹಳದಿ ಎಲ್ಲಾ ಅಲ್ಲಿಗೆ ಮುಗೀತು. ಅರ್ಧ ದಿನದ ಕೆಲ್ಸ, ಮೂರು ತಿಂಗಳ ಮುಂಚೆನೇ ಮಾಡಬಹುದಿತ್ತು.

ಸರಿ ಮಾಡೋ ದಾರಿ ಹೊಸದೇನಲ್ಲ. ಮೊದಲು ಡೈ ಇಲ್ಲದ ಇಲಿ ಆಂಟಿಬಾಡಿ, ಆಮೇಲೆ ಆಂಟಿ-ಮೌಸ್ ಸೆಕೆಂಡರಿ, ಆಮೇಲೆ ಸೆಕೆಂಡರಿಯ ಖಾಲಿ ಉಳಿದ ಕೈಗಳನ್ನ ಮುಚ್ಚೋಕೆ ಸಾಮಾನ್ಯ ಇಲಿ ಸೀರಮ್ ಧಾರಾಳವಾಗಿ, ಕೊನೇಗೆ ಡೈ ಇರೋದು. ಕ್ರಮ ತಿರುಗಿಸಿದ್ರೆ ಕೆಟ್ಟೋಯ್ತು. ಇನ್ನೂ ಒಳ್ಳೇದು ಎರಡಕ್ಕೂ ಬೇರೆ ಬೇರೆ ಡೈ ಅಂಟಿಸಿ ಸೆಕೆಂಡರಿಯನ್ನ ಪೂರ್ತಿ ಬಿಟ್ಬಿಡೋದು.

ಗಾಜಿನ ಮೇಲಿನ ಚುಕ್ಕೆ

ಇದ್ರಿಂದ ಕೆಂಪಿನ ಕಥೆ ಬಿಡಿಸ್ತು, ಹಸಿರು ಚುಕ್ಕೆ ಗಾಜಿನ ಮೇಲೆ ಯಾಕೆ ಇತ್ತು ಅನ್ನೋದು ಬಿಡಿಸ್ಲಿಲ್ಲ. ಟ್ಯೂಬ್ ತೋರಿಸು ಅಂದೆ. ಅವ್ಳು ಎದ್ದು ಮೈನಸ್ 20 ಫ್ರೀಜರ್ ಕಡೆ ಹೊರಟ್ಲು. ಅಲ್ಲೇ ಗೊತ್ತಾಯ್ತು. ಆ ಲ್ಯಾಬ್‌ನಲ್ಲಿ ಯಾವ ಆಂಟಿಬಾಡಿ ಬಂದ್ರೂ ಹತ್ತು ಹತ್ತು ಮೈಕ್ರೋಲೀಟರ್ ಮಾಡಿ ಮೈನಸ್ 20ಕ್ಕೆ ಹಾಕೋದು ರೂಢಿ, ಯಾರೋ ಜೂನಿಯರ್ ಪಾಪ ಶ್ರದ್ಧೆಯಿಂದ ಅದೇ ಮಾಡಿದ್ದ. ಜೊತೆಗೆ ಬಂದ ಕಾಗದದಲ್ಲಿ ಸ್ಪಷ್ಟವಾಗಿತ್ತು, 4 ಡಿಗ್ರಿಯಲ್ಲಿ ಕತ್ತಲಲ್ಲಿ ಇಡಿ, ಫ್ರೀಜ್ ಮಾಡಬೇಡಿ. ಈ ಟ್ಯೂಬ್‌ನಲ್ಲಿ ಗ್ಲಿಸರಾಲ್ ಇರ್ಲಿಲ್ಲ. ಗ್ಲಿಸರಾಲ್ ಇಲ್ಲದೇ ಹೆಪ್ಪುಗಟ್ಟಿ ಕರಗಿದ್ರೆ ಆಂಟಿಬಾಡಿಗಳು ಒಂದಕ್ಕೊಂದು ಅಂಟ್ಕೊಂಡು ಗಂಟು ಗಂಟಾಗೋ ಸಾಧ್ಯತೆ ಜಾಸ್ತಿ. ಒಂದೊಂದು ಗಂಟಲ್ಲೂ ರಾಶಿ ರಾಶಿ ಡೈ ಇರೋದ್ರಿಂದ ಮೈಕ್ರೋಸ್ಕೋಪ್ ಕೆಳಗೆ ಅದು ಅಚ್ಚುಕಟ್ಟಾದ, ಹೊಳೆಯೋ, ವೆಸಿಕಲ್ (ಸೆಲ್ ಒಳಗಿನ ಪುಟ್ಟ ಸರಕು ಚೀಲ) ಥರಾನೇ ಕಾಣೋ ಚುಕ್ಕೆ.

ಐಸೊಟೈಪ್ ಕಂಟ್ರೋಲ್ ಟ್ಯೂಬ್ ಎಲ್ಲಿತ್ತು? ಫ್ರಿಡ್ಜ್‌ನಲ್ಲಿ. ಅದು ಬೇರೆ ತಿಂಗಳು ಬಂದಿತ್ತು, ಯಾರೂ ಮುಟ್ಟಿರ್ಲಿಲ್ಲ. ಹಾಗಾಗಿ ಅದ್ರಲ್ಲಿ ಗಂಟೂ ಇಲ್ಲ, ಚುಕ್ಕೆಯೂ ಇಲ್ಲ. ಕಂಟ್ರೋಲ್ ಅಂದ್ರೆ ಒಂದು ವಿಷಯ ಬಿಟ್ಟು ಉಳಿದಿದ್ದೆಲ್ಲಾ ಸಮ ಇರ್ಬೇಕು ಅಂತ ಬಾಯಿಪಾಠ ಇರುತ್ತೆ ನಮಗೆ, ಆ ಉಳಿದಿದ್ದೆಲ್ಲಾ ಅನ್ನೋದ್ರಲ್ಲಿ ಟ್ಯೂಬ್ ಯಾವ ಕಪಾಟಲ್ಲಿ ಮಲಗಿತ್ತು ಅನ್ನೋದೂ ಸೇರುತ್ತೆ ಅಂತ ಯಾರಿಗೆ ಹೊಳೆಯುತ್ತೆ.

ಟ್ಯೂಬನ್ನ 4 ಡಿಗ್ರಿಯಲ್ಲಿ ಹತ್ತು ನಿಮಿಷ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಮಾತ್ರ ತಗೊಂಡು ಮತ್ತೆ ಸ್ಟೇನ್ ಮಾಡಿದ್ಲು. ತಳದಲ್ಲಿ ಕಣ್ಣಿಗೆ ಕಾಣೋ ಹಾಗೆ ಸಣ್ಣ ಹಳದಿ ಹಸಿರು ಕಲೆ. ಗಾಜು ಹೆಚ್ಚುಕಮ್ಮಿ ಕ್ಲೀನ್ ಆಯ್ತು. ಸೆಲ್ ಒಳಗಿನ ಚುಕ್ಕೆಗಳೂ ಬಹುತೇಕ ಮಾಯ. ಉಳಿದಿದ್ದು ಮಂಕಾದ, ಸೆಲ್ ತುಂಬಾ ಹರಡಿದ ಹಸಿರು ಮಬ್ಬು.

ಇಲ್ಲಿ ಜಗಳ ಆಯ್ತು. ಜಗಳ ಅಂದ್ರೆ ದೊಡ್ಡದಲ್ಲ, ಮೀಟಿಂಗ್‌ನಲ್ಲಿ ಎರಡು ಅಭಿಪ್ರಾಯ. ಗೈಡ್ ಹೇಳಿದ್ದು, ಲೇಸರ್ ಪವರ್ ಏರಿಸಿ, ಗೇನ್ (ಸಿಗ್ನಲ್ ಹಿಗ್ಗಿಸೋ ಸೆಟ್ಟಿಂಗ್) ಏರಿಸಿ, ಸಿಗ್ನಲ್ ಇದೆ ಮಂಕಾಗಿದೆ ಅಷ್ಟೇ. ಅದೂ ಪೂರ್ತಿ ತಪ್ಪು ಮಾತಲ್ಲ, ಯಾಕಂದ್ರೆ ಡೈ ನೇರ ಅಂಟಿಸಿದ ಆಂಟಿಬಾಡಿಯಲ್ಲಿ ಸಿಗ್ನಲ್ ಕಡಿಮೇನೇ, ಒಂದು ಪ್ರೈಮರಿ ಮೇಲೆ ನಾಲ್ಕಾರು ಸೆಕೆಂಡರಿ ಕೂತಾಗ ಸಿಗೋ ಹೊಳಪು ಇಲ್ಲಿ ಸಿಗಲ್ಲ. ಮೇಲಾಗಿ ಡೈನೀನ್ ಬಹುಪಾಲು ಸೈಟೋಪ್ಲಾಸಂನಲ್ಲಿ ಕರಗಿಕೊಂಡೇ ಇರುತ್ತೆ, ಮಬ್ಬಾಗಿ ಕಾಣೋದು ಸಹಜಾನೇ. ಆದ್ರೆ ಹುಡುಗಿ ಹಟ ಹಿಡಿದ್ಲು, "ಸರ್, ಈ ಮಬ್ಬು ಡೈನೀನೇ ಅಂತ ಮೊದ್ಲು ಗೊತ್ತಾಗ್ಲಿ, ಆಮೇಲೆ ಏರಿಸೋಣ." ನನ್ನ ಪ್ರಕಾರ ಇಡೀ ಪ್ರಕರಣದ ಒಳ್ಳೇ ನಿರ್ಧಾರ ಇದೇ. ಗೇನ್ ಏರಿಸಿದ್ರೆ ಸೆಲ್‌ನ ಸ್ವಂತ ಹೊಳಪೂ ಹಸಿರು ಚಾನೆಲ್‌ನಲ್ಲಿ ಮೇಲೆ ಬರುತ್ತೆ, ಆಗ ಏನು ಬೇಕಾದ್ರೂ ಡೈನೀನ್ ಅನ್ಬಹುದು.

ಗಾಲ್ಜಿ ಕೊಟ್ಟ ಸಾಕ್ಷಿ

ಅವ್ಳು ಮಾಡಿದ್ದು ನಾಕ್‌ಡೌನ್, ಅಂದ್ರೆ ಸೆಲ್‌ನಲ್ಲಿ ಆ ಪ್ರೋಟೀನನ್ನ ಇಳಿಸೋದು. ಇಂಟರ್ಮೀಡಿಯೆಟ್ ಚೈನ್‌ಗೆ ಎರಡು ಜೀನ್ ಇದಾವೆ, ಒಂದು ಮುಖ್ಯವಾಗಿ ನರಕೋಶದಲ್ಲಿ, ಇನ್ನೊಂದು ಎಲ್ಲಾ ಕಡೆ. ಅವ್ಳ ಸೆಲ್‌ಗಳಲ್ಲಿ ಎರಡನೇದೇ ಮುಖ್ಯ, ಅದಕ್ಕೆ ಎಸ್ಐಆರ್‌ಎನ್ಎ (ಆ ಜೀನ್‌ನ ಪ್ರೋಟೀನ್ ತಯಾರಾಗೋದನ್ನ ತಡೆಯೋ ಪುಟ್ಟ ಆರ್‌ಎನ್ಎ) ಕೊಟ್ಟು 72 ಗಂಟೆ ಬಿಟ್ಲು. ಡೈನೀನನ್ನ ಪೂರ್ತಿ ನಾಕ್‌ಔಟ್ ಮಾಡಿ ಸೆಲ್ ಲೈನ್ ಇಟ್ಕೊಳ್ಳೋಕಾಗಲ್ಲ, ಸೆಲ್ ಬದುಕಲ್ಲ, ಅದಕ್ಕೆ ನಾಕ್‌ಡೌನೇ ಗತಿ. ಆದ್ರೆ ನಾಕ್‌ಡೌನ್‌ನಲ್ಲಿ ಯಾವ ಸೆಲ್‌ನಲ್ಲಿ ಪ್ರೋಟೀನ್ ಹೋಗಿದೆ ಯಾವುದ್ರಲ್ಲಿ ಹೋಗಿಲ್ಲ ಅಂತ ಹೇಳೋದು ಹೆಂಗೆ? ಅದೇ ಆಂಟಿಬಾಡಿಯಿಂದ ನೋಡಿ ಹೇಳಿದ್ರೆ ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ.

ಅವ್ಳು ಗಾಲ್ಜಿಯನ್ನ (ಪ್ರೋಟೀನ್‌ಗಳನ್ನ ವಿಂಗಡಿಸಿ ಕಳಿಸೋ ಸೆಲ್‌ನ ಭಾಗ) ಸಾಕ್ಷಿ ಮಾಡ್ಕೊಂಡ್ಲು. ಗಾಲ್ಜಿ ನ್ಯೂಕ್ಲಿಯಸ್ ಪಕ್ಕದಲ್ಲಿ ಒಂದು ಕಡೆ ಗುಡ್ಡೆಯಾಗಿ ಕೂತಿರೋದೇ ಡೈನೀನ್ ಅದನ್ನ ಒಳಗೆ ಎಳೀತಾ ಇರೋದ್ರಿಂದ. ಡೈನೀನ್ ಹೋದ್ರೆ ಗಾಲ್ಜಿ ಚೂರು ಚೂರಾಗಿ ಸೆಲ್ ತುಂಬಾ ಚದುರುತ್ತೆ. ಜಿಎಂ130 ಅನ್ನೋ ಗಾಲ್ಜಿ ಪ್ರೋಟೀನ್‌ಗೆ ಮೊಲದ ಆಂಟಿಬಾಡಿ, ಅದಕ್ಕೆ ಗಾಢ ಕೆಂಪಿನ 647 ಸೆಕೆಂಡರಿ, ಇಲಿ ಗೊಂದಲವೂ ಇಲ್ಲ, ಹಸಿರಿನ ಬಣ್ಣ ಅಷ್ಟು ದೂರ ಸೋರೋದೂ ಇಲ್ಲ. ಚದುರಿದ ಗಾಲ್ಜಿ ಇರೋ ಸೆಲ್, ಗುಡ್ಡೆ ಗಾಲ್ಜಿ ಇರೋ ಸೆಲ್, ಎರಡೂ ಒಂದೇ ಕವರ್‌ಸ್ಲಿಪ್‌ನಲ್ಲಿ ಅಕ್ಕಪಕ್ಕ, ಅದೇ ವಾಶ್, ಅದೇ ಎಕ್ಸ್‌ಪೋಶರ್.

ಹಸಿರು ಎರಡ್ರಲ್ಲೂ ಒಂದೇ. ಗಾಲ್ಜಿ ನುಚ್ಚುನೂರಾಗಿರೋ ಸೆಲ್‌ನಲ್ಲೂ ಅದೇ ಮಬ್ಬು, ಅಷ್ಟೇ ಮಬ್ಬು. ಹಳೇ ಸೆಂಟ್ರಿಫ್ಯೂಜ್ ಮಾಡದ ಟ್ಯೂಬ್‌ನಿಂದ ಮಾಡಿದ್ದಲ್ಲೂ ಚುಕ್ಕೆಗಳ ಸಂಖ್ಯೆ ಎರಡೂ ಕಡೆ ಹತ್ರ ಹತ್ರ. ಆದ್ರೆ ಅದೇ ನಾಕ್‌ಡೌನ್ ಸೆಲ್‌ಗಳ ಬ್ಲಾಟ್‌ನಲ್ಲಿ 74ರ ಬ್ಯಾಂಡ್ ನೆಟ್ಟಗೆ ಇಳಿದಿತ್ತು. ಅಂದ್ರೆ ಪ್ರೋಟೀನ್ ಹೋಗಿದೆ, ಕ್ಲೋನ್ ಬ್ಲಾಟ್‌ನಲ್ಲಿ ಸರಿಯಾಗೇ ನೋಡ್ತಾ ಇದೆ, ಕವರ್‌ಸ್ಲಿಪ್ ಮೇಲೆ ಮಾತ್ರ ಕುರುಡು. ಬ್ಲಾಟ್‌ನಲ್ಲಿ ಒಂದೇ ಬ್ಯಾಂಡ್ ಬಂತು ಅಂತ ಸರ್ಟಿಫಿಕೇಟ್ ಕೊಡೋರಿಗೆ ಇದು ಅರ್ಥ ಆಗ್ಬೇಕು, ಅಲ್ಲಿ ಪ್ರೋಟೀನ್ ಬಿಚ್ಚಿ ಹಗ್ಗದ ಥರ ಮಲಗಿರುತ್ತೆ, ಫಿಕ್ಸ್ ಆದ ಸೆಲ್‌ನಲ್ಲಿ ಮಡಚಿಕೊಂಡು ನೆಂಟರ ಕೈ ಹಿಡ್ಕೊಂಡು ಕೂತಿರುತ್ತೆ.

ಕುರುಡು ಯಾಕೆ

ಎರಡು ಅನುಮಾನ ಇತ್ತು. ಒಂದು, ಫಿಕ್ಸೇಶನ್. ಅವ್ಳು ಎಲ್ಲದಕ್ಕೂ 4% ಪಿಎಫ್ಎ (ಪ್ಯಾರಾಫಾರ್ಮಾಲ್ಡಿಹೈಡ್) ಹಾಕ್ತಿದ್ಲು, ಅದು ಪ್ರೋಟೀನ್‌ಗಳ ಲೈಸಿನ್ ಅನ್ನೋ ಅಮೈನೋ ಆಮ್ಲಗಳನ್ನ ಹಿಡಿದು ಒಂದಕ್ಕೊಂದು ಹೊಲೀತದೆ, ಆಂಟಿಬಾಡಿ ಗುರುತಿಸೋ ಜಾಗ ಆ ಹೊಲಿಗೆ ಒಳಗೆ ಸಿಕ್ಕಿಬಿದ್ರೆ ಮುಗೀತು. ಅದ್ರಲ್ಲೂ ಆ ಜಾಗ ಪಿ150 ಹಿಡಿಯೋ ತುದಿಯ ಹತ್ರ ಇದ್ರೆ ಇನ್ನೂ ಕಷ್ಟ. ಇನ್ನೊಂದು, ಡೈನೇ ಅಡ್ಡ ಬರ್ತಿರಬಹುದು. ಡೈ ಅಂಟೋದು ಆಂಟಿಬಾಡಿಯ ಲೈಸಿನ್‌ಗಳಿಗೆ, ಎಲ್ಲಿ ಅಂಟ್ಬೇಕು ಅಂತ ನಾವು ಹೇಳೋಕಾಗಲ್ಲ, ಪ್ರೋಟೀನ್ ಹಿಡಿಯೋ ಬೆರಳ ತುದಿಯಲ್ಲೇ ಲೈಸಿನ್ ಇದ್ರೆ ಅಲ್ಲೂ ಹೋಗಿ ಕೂರುತ್ತೆ.

ಪರೀಕ್ಷೆಗೆ ಮಬ್ಬು ಬೇಡ, ಇದೆ ಅಥವಾ ಇಲ್ಲ ಅಂತ ಕಣ್ಣಿಗೆ ಹೊಡೆಯೋ ಜಾಗ ಬೇಕಿತ್ತು. ಅಂಥ ಜಾಗ ಡೈನೀನ್‌ಗೆ ಇದೆ. ಸೆಲ್ ವಿಭಜನೆ ಆಗೋವಾಗ ನೊಕೊಡಜೋಲ್ ಅನ್ನೋ ಔಷಧಿ ಕೊಟ್ಟು ಮೈಕ್ರೋಟ್ಯೂಬ್ಯೂಲ್ ಕರಗಿಸಿದ್ರೆ ಡೈನೀನ್ ಕ್ರೋಮೋಸೋಮ್‌ಗಳ ಕೈನೆಟೋಕೋರ್ (ಮೈಕ್ರೋಟ್ಯೂಬ್ಯೂಲ್ ಬಂದು ಹಿಡಿಯೋ ಜಾಗ) ಮೇಲೆ ಬಂದು ಗುಂಪುಗೂಡುತ್ತೆ, ಅದನ್ನ ಅಲ್ಲಿಂದ ಒಯ್ಯೋಕೆ ಹಳಿನೇ ಇಲ್ವಲ್ಲ. ಆಗ ಪ್ರತಿ ಕ್ರೋಮೋಸೋಮ್ ಮೇಲೂ ಜೋಡಿ ಜೋಡಿ ಬಿಂದು ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಸ್ಟೇನಿಂಗ್ ಕೆಲ್ಸ ಮಾಡ್ತಿಲ್ಲ, ಅಷ್ಟೇ.

ಮೊದಲು ಡೈ ಇಲ್ಲದ ಹಳೇ ಆಂಟಿಬಾಡಿ ಮತ್ತೆ ಸೆಕೆಂಡರಿ: ಪಿಎಫ್ಎಯಲ್ಲಿ ಏನೋ ಇದೆ ಇಲ್ಲ ಅನ್ನೋ ಹಾಗೆ, ಅದ್ರ ಬದಲು ಮೈನಸ್ 20ರ ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿದ್ರೆ ಜೋಡಿ ಬಿಂದು ಎದ್ದು ನಿಂತ್ವು. ಆಮೇಲೆ 488 ಟ್ಯೂಬ್: ಪಿಎಫ್ಎಯಲ್ಲಿ ಶೂನ್ಯ, ಮೆಥನಾಲ್‌ನಲ್ಲಿ ತುಂಬಾ ಮಂಕಾಗಿ, ಗೊತ್ತಿದ್ದೋರಿಗೆ ಮಾತ್ರ ಕಾಣೋ ಹಾಗೆ. ಹಾಗಾದ್ರೆ ಎರಡು ಅನುಮಾನವೂ ನಿಜ. (ಮೆಥನಾಲ್ ಹಾಕೋವಾಗ ಒಂದು ಮಾತು, ವಿಭಜನೆ ಆಗ್ತಿರೋ ಸೆಲ್‌ಗಳು ಗುಂಡಾಗಿ ಗಾಜಿಗೆ ಅರೆಬರೆ ಅಂಟಿರ್ತವೆ, ಸುರಿದ್ರೆ ಹೊರಟೇ ಹೋಗ್ತವೆ. ಮೊದಲ ಎರಡು ಸಲ ಅವ್ಳ ಕವರ್‌ಸ್ಲಿಪ್ ಮೇಲೆ ನೋಡ್ಬೇಕಾದ ಸೆಲ್‌ಗಳೇ ಇರ್ಲಿಲ್ಲ. ಅಂಚಿಂದ ನಿಧಾನ ಬಿಡ್ಬೇಕು.)

ಟ್ಯೂಬ್‌ನಲ್ಲಿ ಒಂದು ಆಂಟಿಬಾಡಿಗೆ ಎಷ್ಟು ಡೈ ಅಂಟಿದೆ ಅಂತ ನೋಡೋಣ ಅಂದ್ರೆ ಅದ್ರಲ್ಲಿ ಕಂಪನಿಯವ್ರು ಬಿಎಸ್ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಬೆರೆಸಿದ್ರು, 280 ನ್ಯಾನೋಮೀಟರ್‌ನಲ್ಲಿ ಪ್ರೋಟೀನ್ ನುಂಗೋ ಬೆಳಕಿನ ಓದು ಬಿಎಸ್ಎಯದೋ ಆಂಟಿಬಾಡಿಯದೋ ಹೇಳೋಕಾಗಲ್ಲ. ಅಲ್ಲಿಗೆ ತೀರ್ಮಾನ ಆಯ್ತು, ಅದೇ ಕ್ಲೋನ್ ಬಿಎಸ್ಎ ಇಲ್ಲದೇ ಇರೋದನ್ನ ತರಿಸಿ ನಾವೇ ಡೈ ಅಂಟಿಸೋದು. ಟ್ರಿಸ್ ಬಫರ್ ಇದ್ರೆ ಬದಲಾಯಿಸ್ಬೇಕು, ಇಲ್ಲಾಂದ್ರೆ ಡೈ ಎಲ್ಲಾ ಟ್ರಿಸ್‌ನ ಅಮೈನ್ (ಲೈಸಿನ್‌ನಲ್ಲೂ ಇರೋ, ಡೈ ಅಂಟೋ ಗುಂಪು) ಮೇಲೇ ಖರ್ಚಾಗುತ್ತೆ. ಬೈಕಾರ್ಬೊನೇಟ್ ಬಫರ್, ಪಿಎಚ್ 8.3, ಮೂರು ಟ್ಯೂಬ್‌ಗೆ ಮೂರು ಪ್ರಮಾಣದಲ್ಲಿ ಡೈ, ಆಮೇಲೆ ಕಾಲಮ್‌ನಲ್ಲಿ ಬಿಟ್ಟು ಅಂಟದ ಡೈ ತೆಗೆಯೋದು.

ಲೆಕ್ಕ ಸುಲಭ, ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ. ನಡುವಿನ ಟ್ಯೂಬ್‌ದು 280ರಲ್ಲಿ 1.60, 494ರಲ್ಲಿ 2.00 ಬಂತು ಅನ್ಕೊಳ್ಳಿ. ಡೈ ಕೂಡ 280ರಲ್ಲಿ ಸ್ವಲ್ಪ ಬೆಳಕು ನುಂಗುತ್ತೆ, ಅದಕ್ಕೆ 494ರ ಓದಿನ 0.11 ಪಾಲು ಕಳೀಬೇಕು, 1.60ರಲ್ಲಿ 0.22 ಹೋದ್ರೆ 1.38. ಅದನ್ನ 2,10,000ದಿಂದ (ಆಂಟಿಬಾಡಿ ಎಷ್ಟು ಬೆಳಕು ನುಂಗುತ್ತೆ ಅನ್ನೋ ಸ್ಥಿರಾಂಕ) ಭಾಗಿಸಿದ್ರೆ ಆಂಟಿಬಾಡಿ 6.6 ಮೈಕ್ರೋಮೋಲಾರ್. 2.00ನ್ನ 71,000ದಿಂದ (ಡೈದು ಅದೇ ಸ್ಥಿರಾಂಕ) ಭಾಗಿಸಿದ್ರೆ ಡೈ 28.2. ಭಾಗ ಮಾಡಿದ್ರೆ ಒಂದು ಆಂಟಿಬಾಡಿಗೆ ಸುಮಾರು 4.3 ಡೈ. ಉಳಿದ ಎರಡು ಟ್ಯೂಬ್‌ಗಳು ಒಂದು 2ರ ಹತ್ರ, ಇನ್ನೊಂದು 9ರ ಹತ್ರ ಬಂದ್ವು.

9ರ ಟ್ಯೂಬ್ ಕೈಯಲ್ಲಿ ಹಿಡಿದ್ರೆ ಬಣ್ಣ ಎಷ್ಟು ಚೆನ್ನಾಗಿತ್ತು! ಕವರ್‌ಸ್ಲಿಪ್ ಮೇಲೆ ಅದೇ ಎಲ್ಲಕ್ಕಿಂತ ಕೆಟ್ಟದು, ಸೆಲ್ ಎಲ್ಲಾ ಹಸಿರು, ಕೈನೆಟೋಕೋರ್ ಕಾಣೋದೇ ಇಲ್ಲ. 2ರದ್ದು ಕ್ಲೀನ್, ಆದ್ರೆ ಮಂಕು. 4.3ರಲ್ಲಿ ಮೆಥನಾಲ್ ಜೊತೆ ಜೋಡಿ ಬಿಂದು ಸ್ಪಷ್ಟ. ಅದೇ ಟ್ಯೂಬ್‌ನಿಂದ ನಾಕ್‌ಡೌನ್ ಮತ್ತೆ ಮಾಡಿದ್ಲು, ಈ ಸಲ ಗಾಲ್ಜಿ ಚದುರಿದ ಸೆಲ್‌ನಲ್ಲಿ ಸೈಟೋಪ್ಲಾಸಂನ ಹಸಿರು ಇಳಿದಿತ್ತು, ಪಕ್ಕದ ಗುಡ್ಡೆ ಗಾಲ್ಜಿ ಸೆಲ್‌ನಲ್ಲಿ ಹಾಗೇ ಇತ್ತು. ಆ ಚಿತ್ರ ಪೋಸ್ಟರ್‌ಗೆ ಹಾಕೋ ಅಂಥದ್ದಲ್ಲ, ಮಬ್ಬು ಮಬ್ಬು. ಅವ್ಳು ನನಗೆ ಫೋನ್ ಮಾಡಿ ಬರೋಕೆ ಹೇಳಿದ್ದು ಅದನ್ನ ನೋಡೋಕೆ.

ಏನು ಉಳೀತು

ಚುಕ್ಕೆ ಎಣಿಸೋ ಪ್ರಶ್ನೆಯನ್ನೇ ಈ ಆಂಟಿಬಾಡಿಯಿಂದ ಕೇಳೋದು ಬಿಟ್ರು. ವಿಭಜನೆ ಆಗದ ಸೆಲ್‌ನಲ್ಲಿ ಚುಕ್ಕೆ ಸಿಗುತ್ತಾ ಅಂತ ಫಿಕ್ಸ್ ಮಾಡೋ ಮುಂಚೆ ಸ್ವಲ್ಪ ಟ್ರೈಟನ್ (ಸೆಲ್ ಪೊರೆ ತೂತು ಮಾಡೋ ಸೋಪಿನಂಥದ್ದು) ಕೊಟ್ಟು ಕರಗಿದ ಡೈನೀನ್ ತೊಳೆದು ನೋಡಿದ್ರು, ಹೆಚ್ಚುಕಮ್ಮಿ ಎಲ್ಲಾ ತೊಳೆದೇ ಹೋಯ್ತು. ಆ ಭಾಗಕ್ಕೆ ಈಗ ಡೈನೀನ್‌ನ ಸ್ವಂತ ಜೀನ್‌ಗೇ ಟ್ಯಾಗ್ ಸೇರಿಸಿರೋ ಸೆಲ್ ಲೈನ್ ಮಾಡ್ತಿದ್ದಾರೆ. 488 ಆಂಟಿಬಾಡಿ ಕೈನೆಟೋಕೋರ್ ಕೆಲ್ಸಕ್ಕೆ ಮಾತ್ರ, ಮೆಥನಾಲ್ ಜೊತೆ ಮಾತ್ರ, ಪ್ರತಿ ಸಲ ಅಂಟಿಸಿದಾಗಲೂ ಡೈ ಲೆಕ್ಕ ನೋಟ್‌ಬುಕ್‌ನಲ್ಲಿ. ಪೋಸ್ಟರ್ ಚಿತ್ರವನ್ನ ಗೈಡ್ ತಾವೇ ಗ್ರೂಪ್ ಮೀಟಿಂಗ್‌ನಲ್ಲಿ ತೋರಿಸಿ ಇದು ತಪ್ಪು ಅಂದ್ರು, ಅದು ದೊಡ್ಡತನ, ಎಲ್ರೂ ಮಾಡಲ್ಲ. ಐದು ತಿಂಗಳು ಹೋಯ್ತು.

ಇನ್ನೂ ಒಂದು ಬಿಡಿಸದ ಗಂಟಿದೆ. ಮೆಥನಾಲ್ ಸ್ಟೇನಿಂಗ್‌ನಲ್ಲಿ ನ್ಯೂಕ್ಲಿಯಸ್ ಒಳಗೆ ತೆಳ್ಳಗೆ ಹಸಿರು ಬರುತ್ತೆ, ನಾಕ್‌ಡೌನ್ ಮಾಡಿದ್ರೂ ಇಳಿಯಲ್ಲ, ಅಂದ್ರೆ ಅದು ಡೈನೀನ್ ಅಲ್ಲ, ಏನು ಅಂತ ಗೊತ್ತಾಗಿಲ್ಲ. ಕ್ರಾಪ್ ಮಾಡಿದ್ರೆ ಕಾಣಲ್ಲ ಅಂತ ಯಾರೋ ಸಲಹೆ ಕೊಟ್ರು. ಅವ್ಳು ಕ್ರಾಪ್ ಮಾಡ್ಲಿಲ್ಲ, ಫಿಗರ್ ಕೆಳಗೆ ಒಂದು ಸಾಲು ಬರೆದು ಹಾಕಿದಾಳೆ: ನ್ಯೂಕ್ಲಿಯಸ್‌ನ ಸಿಗ್ನಲ್ ನಾಕ್‌ಡೌನ್‌ಗೆ ಬಗ್ಗಲ್ಲ, ಅಳತೆಗೆ ತಗೊಂಡಿಲ್ಲ.